ಮೊದಲು ಮೇನ್, ಆಮೇಲೆ ಚಹಾ

ಅವರು ಹೋದ ಸುದ್ದಿ ನನಗೆ ಮಡಗಾಂವ್ ಮಾರ್ಕೆಟ್ಟಿನಲ್ಲಿ ಗೊತ್ತಾಯಿತು. ಕೈಯಲ್ಲಿ ಮೆಂತ್ಯದ ಎರಡು ಕಟ್ಟು ಹಿಡಿದುಕೊಂಡು ಇನ್ನೆರಡು ಎಸಳು ಹೆಚ್ಚಿಗೆ ಹಾಕು ಎಂದು ಕಾಯಿಪಲ್ಲೆಯವಳ ಜೊತೆ ಜಗಳ ತೆಗೆದಿದ್ದೆ. ನಮ್ಮ ಹಳೆಯ ಆಫೀಸಿನ ಡ್ರೈವರ್ ಎದುರಿಗೆ ಬಂದು, "ಬಾಯಾರ, ನಿಮ್ಮ ಸರ್ ಹೋದ್ರಂತಲ್ರಿ, ನಿನ್ನೆ ಮುಂಜಾನೆ" ಎಂದ. ಮೆಂತ್ಯವನ್ನು ಅಲ್ಲೇ ಕೈಬಿಟ್ಟು ಓಡಿಬಂದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಕೈಬಿಡಲಿಲ್ಲ. ಎರಡೂ ಕಟ್ಟು ತೆಗೆದುಕೊಂಡೇ ಮನೆಗೆ ಬಂದೆ, ಸೋಸಲು ಕೂತೆ, ಸೋಸುತ್ತ ಸೋಸುತ್ತ ಅತ್ತೆ. ಅವರ ಮನೆಗೆ ಮಾತ್ರ ಹೋಗಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ಅವರು ಯಾವ ಪಾಟಿಯ, ಯಾವ ಫಲಕದ ಮೇಲೂ ಕೊರೆಸಿದವರಲ್ಲ, ನಾನೇಕೆ ಕೊರೆಯಲಿ? ಮೇಲಾಗಿ ಅವರಿಗೆ ಹೇಳಬೇಕಾಗಿದ್ದ ಒಂದು ಮಾತು ನನ್ನ ಬಾಯಲ್ಲೇ ಉಳಿದುಹೋಗಿದೆ. ಹೆಸರು ಹಿಡಿದು ಬರೆಯುವ ಮುಖ ನನಗಿಲ್ಲ.

ಮದುವೆಯಾಗಿ ಗದಗಿನಿಂದ ಮಡಗಾಂವಿಗೆ ಬಂದ ಮೇಲೆ ನಾನು ಉದ್ಯಮಿಗಳ ಒಂದು ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಕಾಗದದ ಮೇಲೆ ಟೈಪಿಸ್ಟ್. ಖರೇ ಹೇಳಬೇಕೆಂದರೆ ಫೋನು ಎತ್ತುವವಳು, ಕಮಿಟಿ ಮೀಟಿಂಗಿಗೆ ಬಿಸ್ಕೀಟು ತರಿಸುವವಳು, ಅಧ್ಯಕ್ಷರ ಹೆಂಡತಿ ಫೋನು ಮಾಡಿದರೆ ಸುಳ್ಳು ಹೇಳುವವಳು, ಎಲ್ಲವೂ ನಾನೇ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಅಲ್ಲಿಗೆ ಇವರು, ನಮ್ಮ ಸರ್, ಬಂದರು. ಧಾರವಾಡದವರು. ವಾಸ್ಕೋದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ತೆಳ್ಳಗಿನ ಆಳು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್. ಆ ಟೆಸ್ಟರ್ ಇಲ್ಲದೆ ಅವರನ್ನು ನಾನು ನೋಡಿದ್ದು ಒಂದೇ ಸಲ. ಅದನ್ನು ಕೊನೆಗೆ ಹೇಳುತ್ತೇನೆ.

ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಕಾರ್ಖಾನೆ, ಹೋಟೆಲು, ಶಾಲೆ, ಆಸ್ಪತ್ರೆ ಯಾವುದೇ ಇರಲಿ, ತಾನು ಸುಡುವ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಬಿಸಿಲಿನಿಂದಲೋ ಗಾಳಿಯಿಂದಲೋ ಪಡೆಯುತ್ತೇನೆ ಎಂದು ತಾನಾಗಿ ಒಪ್ಪಿಕೊಳ್ಳಬೇಕು. ಒಪ್ಪಿ ಮಾಡಿ ತೋರಿಸಿದವರ ಗೇಟಿಗೆ ಸಂಘದಿಂದ ಒಂದು ಹಿತ್ತಾಳೆ ಪಾಟಿ. ಅದರ ಮೇಲೆ ಒಂದು ಸೂರ್ಯ, ಕೆಳಗೆ ಇಸವಿ, ಅಷ್ಟೇ. ವರ್ಷಕ್ಕೊಮ್ಮೆ ಹೋಗಿ ತಪಾಸು ಮಾಡುವುದು, ಸರಿ ಇದ್ದರೆ ಹೊಸ ಇಸವಿಯ ಪಟ್ಟಿ ಕೂರಿಸುವುದು, ಇಲ್ಲದಿದ್ದರೆ ಪಾಟಿ ಬಿಚ್ಚಿಕೊಂಡು ಬರುವುದು. ಇದಕ್ಕೆ ಕಾನೂನಿಲ್ಲ, ದಂಡವಿಲ್ಲ, ಒತ್ತಾಯವಿಲ್ಲ.

"ಕೇಳೂದು ನನ್ನ ಕೆಲಸ, ಒಲ್ಲೆ ಅನ್ನೂದು ಅವ್ರ ಹಕ್ಕು" ಎನ್ನುತ್ತಿದ್ದರು. "ಒಲ್ಲೆ ಅಂದವ್ರ ಮ್ಯಾಲೆ ನನಗ ಸಿಟ್ಟಿಲ್ಲ ತಂಗಿ. ಹೂಂ ಅಂದು ಮಾಡದವ್ರ ಮ್ಯಾಲೆ ಐತಿ."

ನಾನು ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ಒಂದು ದಿನ ಬಾಯಿಬಿಟ್ಟೇ ಕೇಳಿದೆ, "ಸರ್, ಒಂದು ಹಿತ್ತಾಳಿ ತಗಡಿನ ಸಲುವಾಗಿ ಯಾರ್ರೀ ಇಷ್ಟೆಲ್ಲಾ ಮಾಡ್ತಾರ?"

"ಮನಷ್ಯಾನ ಜಾತಿ ಭಾಳ ವಿಚಿತ್ರ ಐತಿ. ಬೈದ್ರ ಮಾಡಂಗಿಲ್ಲ, ಉಪದೇಶ ಹೇಳಿದ್ರ ಮಾಡಂಗಿಲ್ಲ. ಬಾಜೂದವನ ಗೇಟಿಗೆ ಪಾಟಿ ಬಂದೈತಿ, ನನ್ನ ಗೇಟಿಗಿಲ್ಲ ಅಂದ್ರ ನಿದ್ದಿ ಹತ್ತಂಗಿಲ್ಲ ಅವಗ. ಆದ್ರ ಒಂದ್ ಮಾತು. ಪಾಟಿ ಖರೇ ಇರಬೇಕು. ಒಂದ ಒಂದು ಪಾಟಿ ಸುಳ್ಳಾತಂದ್ರ ಊರಾಗಿನ ಎಲ್ಲಾ ಪಾಟಿ ಸುಳ್ಳು."

ಸಾವರ್ಡೆಯ ದಾರಿಯಲ್ಲಿ ಒಂದು ಗೋಡಂಬಿ ಕಾರ್ಖಾನೆ ಇತ್ತು. ಅದರ ಮುದುಕ ಮಾಲೀಕ ಇವರು ಹೋದಾಗಲೆಲ್ಲ ಕೊಂಕಣಿಯಲ್ಲಿ "ಫಾಲ್ಯಾಂ" ಎನ್ನುತ್ತಿದ್ದ, ನಾಳೆ ಬಾ ಎಂದು. ಗೋವಾದಲ್ಲಿ ಆ ನಾಳೆಗೆ ಯಾರೂ ಹೋಗುವುದಿಲ್ಲ. ಇವರು ಹೋದರು. ಮರುದಿನ ಅದೇ ಹೊತ್ತಿಗೆ ಸ್ಕೂಟರ್ ನಿಲ್ಲಿಸಿದರು. ಮತ್ತೆ ಫಾಲ್ಯಾಂ, ಮತ್ತೆ ಸ್ಕೂಟರ್. ಒಂಬತ್ತನೆಯ ದಿನ ಆ ಮುದುಕ ಎದ್ದು ನಿಂತು, ಮಾರಾಯಾ, ನಿನ್ನ ಸೂರ್ಯ ದಿನಾ ಹುಟ್ಟುತ್ತಾನೋ ಇಲ್ಲವೋ, ನೀನಂತೂ ದಿನಾ ಹುಟ್ಟುತ್ತೀ ಎಂದು ಬೈದು, ಪ್ಯಾಕಿಂಗ್ ಕೋಣೆಗೆ ಪ್ಯಾನೆಲ್ ಹಾಕಿಸಲು ಒಪ್ಪಿದನಂತೆ. ಇದನ್ನು ಹೇಳುವಾಗ ಇವರು ನಗುತ್ತಿದ್ದರು. ಅವರು ನಕ್ಕಿದ್ದು ನನಗೆ ನೆನಪಿರುವುದು ಅಷ್ಟರಲ್ಲೇ, ಹೆಚ್ಚಿಗೆ ನಗುವ ಪೈಕಿ ಅಲ್ಲ.

ಪಾಟಿ ಕೊಡುವ ಸಮಾರಂಭದ ಹಿಂದಿನ ದಿನ ಅವುಗಳನ್ನು ಮನೆಗೆ ಒಯ್ದು, ಹಿತ್ತಿಲ ಮೆಟ್ಟಿಲ ಮೇಲೆ ಹೆಂಡತಿಯ ಜೊತೆ ಕೂತು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಕಾಕು, ಅಂದರೆ ಅವರ ಹೆಂಡತಿ, ನನ್ನ ಮುಂದೆ ದೂರುತ್ತಿದ್ದರು: "ದೇವರ ಸಾಮಾನು ಕಪ್ಪ ಹಿಡದಾವ, ಇವ್ರ ಪಾಟಿ ಮಾತ್ರ ಲಕಲಕ ಅಂತಾವ ನೋಡವಾ." ಸಮುದ್ರದ ಗಾಳಿಗೆ ಹಿತ್ತಾಳೆ ಬೇಗ ಹಸಿರು ತಿರುಗುತ್ತದೆ. ಯಾವ ಗೇಟಿಗೆ ಹೋದರೂ ಇವರು ಮೊದಲು ಕರ್ಚೀಫಿನಿಂದ ಪಾಟಿ ಒರೆಸಿಯೇ ಒಳಗೆ ಕಾಲಿಡುತ್ತಿದ್ದರು.

ಇನ್ನು ತಪಾಸು. ಅದಕ್ಕೊಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಒಳಗೆ ಹೋಗಿ ಕೈಮುಗಿದು, "ಮೇನ್ ಆಫ್ ಮಾಡಸ್ರಿ" ಎನ್ನುವುದು. ಮೇನ್ ಸ್ವಿಚ್ ಆಫ್ ಆಗಿ ಲೈನಿನ ಕರೆಂಟು ನಿಂತ ಮೇಲೆ ಯಾವ ದೀಪ ಉರಿಯುತ್ತದೋ ಅದೇ ಬಿಸಿಲಿನ ದೀಪ, ಉಳಿದದ್ದೆಲ್ಲ ಬಾಯಿಮಾತು. ನಾನು ಮೊದಲ ಸಲ ಅವರ ಜೊತೆ ಹೋದದ್ದು ಒಂದು ಮೀನು ಶೈತ್ಯಾಗಾರಕ್ಕೆ. ಏಪ್ರಿಲ್ ಬಿಸಿಲು, ಗಂಟಲು ಒಣಗಿತ್ತು, ಮ್ಯಾನೇಜರ್ ಚಹಾ ತರಿಸಿದ. ನಾನು ಕಪ್ಪಿಗೆ ಕೈ ಹಾಕಿದೆ. ಅವರು ನನ್ನ ಕಡೆ ನೋಡಿದ ನೋಟಕ್ಕೆ ಕಪ್ಪು ಹಾಗೇ ಕೆಳಗಿಟ್ಟೆ.

ಹೊರಗೆ ಬಂದ ಮೇಲೆ ಹೇಳಿದರು: "ಮೊದಲ ಮೇನ್, ಆಮ್ಯಾಲೆ ಚಹಾ. ನೆನಪಿಡು. ಚಹಾ ಕುಡದ ಮ್ಯಾಲೆ ಅವ್ರು ನಮ್ಮವ್ರಾಗಿ ಬಿಡ್ತಾರ. ನಮ್ಮವ್ರ ಮನ್ಯಾಗ ಮೇನ್ ಹೆಂಗ ಆಫ್ ಮಾಡಸ್ತಿ?"

ಅದು ಎಷ್ಟು ಖರೇ ಮಾತು ಎಂದು ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಾರರು.

ವಾಸ್ಕೋದ ಗುಡ್ಡದ ಓಣಿಯಲ್ಲಿ ಒಂದು ಕನ್ನಡ ಶಾಲೆ ಇತ್ತು. ಬಂದರಿನಲ್ಲಿ ಹಮಾಲಿ ಮಾಡುವವರ, ಗೌಂಡಿ ಕೆಲಸದವರ ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಸಂಜೆ ಅವರ ತಾಯಂದಿರೇ ಪಾಟಿಚೀಲ ಹಿಡಿದು ಅಕ್ಷರ ಕಲಿಯಲು ಬರುತ್ತಿದ್ದರು. ಆ ಗುಡ್ಡಕ್ಕೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಸರ್ ಯಾರ್ಯಾರದೋ ಕಾಲು ಹಿಡಿದು ಆ ಶಾಲೆಗೆ ಪ್ಯಾನೆಲ್, ಬ್ಯಾಟರಿ ಕೊಡಿಸಿದ್ದರು. ಆರು ದೀಪ, ಎರಡು ಫ್ಯಾನು. ಪಾಟಿಯನ್ನು ತಾವೇ ಸ್ಟೂಲು ಹತ್ತಿ ಕೂರಿಸಿದ್ದರು. "ದೊಡ್ಡ ದೊಡ್ಡ ಕಂಪನಿ ಪಾಟಿ ಎಲ್ಲಾ ಒಂದ್ ಕಡೆ, ಈ ಸಾಲಿ ಪಾಟಿ ಒಂದ್ ಕಡೆ" ಎನ್ನುತ್ತಿದ್ದರು. ಆಮೇಲೆ ಅವರಿಗೆ ಮೊಣಕಾಲು ನೋವು ಶುರುವಾಯಿತು. ಒಂದು ವರ್ಷ ಆ ಗುಡ್ಡ ಹತ್ತಲು ಆಗದೆ ತಪಾಸಿಗೆ ನನ್ನನ್ನು ಕಳಿಸಿದರು. ಒಬ್ಬಳನ್ನೇ ಕಳಿಸಿದ್ದು ಅದೇ ಮೊದಲು. ಕೈಯಲ್ಲಿ ಒಂದು ಹಾಳೆ ಕೊಟ್ಟರು, ಅದರ ನಾಲ್ಕನೇ ಸಾಲಿನಲ್ಲಿ ಪ್ರಶ್ನೆ: ಮೇನ್ ಆಫ್ ಮಾಡಿದಾಗ ಏನೇನು ಉಳಿಯಿತು?

ಶನಿವಾರ ಮಧ್ಯಾಹ್ನ. ಶಾಲೆ ಬಿಟ್ಟಿತ್ತು. ಹೆಡ್ ಮಾಸ್ತರರು ಬಾಗಿಲಲ್ಲೇ ಕೇಳಿದರು, "ಯಾವೂರವ್ರವಾ ನೀವು?"

"ಗದಗಿನವ್ಳ್ರಿ."

"ಅಯ್ಯ ಶಿವನ! ಗದಗಿನ್ಯಾಗ ಎಲ್ಲೆ?"

ಅಷ್ಟೇ ಸಾಕಾಯಿತು. ಅವರ ಹೆಂಡತಿಯ ತವರು ನಮ್ಮ ಮನೆಯಿಂದ ಎರಡು ಓಣಿ ಆಚೆ. ಆ ತಾಯಿ ಶಾಲೆಗೇ ಅಂಟಿದ ಮನೆಯಿಂದ ಚುರುಮುರಿ ಗಿರಮಿಟ್ ಕಲಸಿಕೊಂಡು ಬಂದರು, ಮೇಲೆ ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಮಿರ್ಚಿ. ಗೋವಾಕ್ಕೆ ಬಂದು ಎಂಟು ವರ್ಷದಲ್ಲಿ ಅಂಥ ಗಿರಮಿಟ್ ತಿಂದಿರಲಿಲ್ಲ. ಆಮೇಲೆ ಚಹಾ ಬಂತು. ಸರ್ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ತುಟಿಗೆ ಕಪ್ಪು ಹಚ್ಚುವಾಗ ಸ್ಪಷ್ಟವಾಗಿ ನೆನಪಾಯಿತು. "ಮೊದಲ ಮೇನ್ ಆಫ್ ಮಾಡಸ್ರಿ" ಎಂದು ಆ ತಾಯಿಯ ಎದುರು ಹೇಳಲು ನಾಲಿಗೆ ಏಳಲಿಲ್ಲ. ಹಾಗೆ ಹೇಳಿದರೆ ನೀವು ಕಳ್ಳರು ಎಂದ ಹಾಗಲ್ಲವೇ? ಮೋಡ ಕವಿದಿತ್ತು. ತಲೆಯ ಮೇಲೆ ಆರೂ ದೀಪ ಉರಿಯುತ್ತಿದ್ದವು, ಫ್ಯಾನು ತಿರುಗುತ್ತಿತ್ತು. ಇನ್ನೇನು ನೋಡುವುದು ಎಂದುಕೊಂಡೆ. ಬಸ್ಸಿನಲ್ಲಿ ಕೂತು ಹಿಂದಿನ ವರ್ಷದ ಹಾಳೆ ನೋಡಿ ನಾಲ್ಕನೇ ಸಾಲಿನಲ್ಲಿ ಅದನ್ನೇ ಇಳಿಸಿದೆ: ಆರು ದೀಪ, ಎರಡು ಫ್ಯಾನು. ಸರ್ ಅದರ ಕೆಳಗೆ ಸಹಿ ಹಾಕಿದರು. ಶಾಲೆಗೆ ಹೊಸ ಇಸವಿಯ ಪಟ್ಟಿ ಬಂತು.

ಅದಾಗಿ ಎರಡು ತಿಂಗಳಿಗೆ ಕಡಲ ದಂಡೆಯ ಒಂದು ದೊಡ್ಡ ಹೋಟೆಲಿನ ತಪಾಸು. ಅದರ ಮಾಲೀಕರೇ ನಮ್ಮ ಸಂಘದ ಅಧ್ಯಕ್ಷರು. ಬೇರೆಯವರಾಗಿದ್ದರೆ ಆ ಹೋಟೆಲಿಗೆ ಹೋಗಿ ಊಟ ಮಾಡಿ ಸಹಿ ಹಾಕಿ ಬರುತ್ತಿದ್ದರು. ಇವರು ಹೋಗಿ, ಕೊಟ್ಟ ಎಳನೀರನ್ನೂ ಮುಟ್ಟದೆ, ಮೇನ್ ಆಫ್ ಮಾಡಿಸಿದರು. ಇಡೀ ರಿಸೆಪ್ಷನ್ ಕತ್ತಲಾಯಿತು. ಪ್ಯಾನೆಲ್ಲುಗಳನ್ನು ಮಾಳಿಗೆಯಿಂದ ಇಳಿಸಿ ಅಲ್ಲಿ ಬಾರ್ ಮಾಡಿದ್ದರು. ಪ್ಯಾನೆಲ್ಲುಗಳು ಬಟ್ಟೆ ಒಗೆಯುವ ಕೋಣೆಯ ಹಿಂದೆ ಗೋಡೆಗೆ ಒರಗಿ ನಿಂತಿದ್ದವು, ಅವುಗಳ ಮೇಲೆ ಟವೆಲ್ ಒಣಹಾಕಿದ್ದರು. ಸರ್ ಸೀದಾ ಹೊರಗೆ ನಡೆದರು. ಗೇಟಿಗೆ ಬಂದು ವಾಚ್‌ಮನ್‌ನ ಸ್ಟೂಲು ಕೇಳಿ ಪಡೆದು, ಮೊಣಕಾಲು ಹಿಡಿದುಕೊಂಡು ಹತ್ತಿ, ನಾಲ್ಕೂ ಸ್ಕ್ರೂ ಬಿಚ್ಚಿ ಪಾಟಿ ಇಳಿಸಿದರು. ಸ್ಕ್ರೂಗಳನ್ನು ವಾಚ್‌ಮನ್ ಕೈಗೆ ಕೊಟ್ಟು ಹೇಳಿದರು: "ಇವು ನಿಮ್ಮವು, ಪಾಟಿ ನಮ್ದು. ಕಾದಿಡಪಾ, ಮುಂದಿನ ವರ್ಷ ಬೇಕಾಗ್ತಾವ."

ಅಧ್ಯಕ್ಷರು ಸುಮ್ಮನೆ ಇದ್ದರು. ಸುಮ್ಮನಿರುವವರಿಗೆ ಹೆದರಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ಜೂನಿನ ಕಮಿಟಿ ಮೀಟಿಂಗಿನಲ್ಲಿ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಅವರು ಬಾಯಿ ತೆರೆದರು. ಅವರ ಹೋಟೆಲಿನ ವೈರ್‌ಮನ್ ವಾಸ್ಕೋದ ಶಾಲೆಯ ಚಿಲ್ಲರೆ ಕೆಲಸವನ್ನೂ ನೋಡುತ್ತಿದ್ದನಂತೆ. "ನಮ್ಮ ಪಾಟಿ ಬಿಚ್ಚಿದಿರಿ, ಒಳ್ಳೆಯದಾಯಿತು. ನಿಮ್ಮ ಪ್ರೀತಿಯ ಶಾಲೆಯನ್ನೂ ಈಗಲೇ ಹೋಗಿ ನೋಡಿ ಬರೋಣ" ಎಂದು ಹಿಂದಿಯಲ್ಲಿ ಹೇಳಿ ಎದ್ದರು. ಎಲ್ಲರೂ ಎದ್ದರು. ನಾನೂ ಛತ್ರಿ ತೆಗೆದುಕೊಂಡು ಹಿಂದೆ ಹೊರಟೆ.

ಶಾಲೆಯಲ್ಲಿ ತಾಯಂದಿರ ಸಂಜೆಯ ಕ್ಲಾಸು ನಡೆದಿತ್ತು. ಅಧ್ಯಕ್ಷರು ಬಾಗಿಲಲ್ಲೇ ನಿಂತು, "ಮೇನ್ ಬಂದ್ ಕರೋ" ಎಂದರು. ಹೆಡ್ ಮಾಸ್ತರರು ಬಹಳ ಹುರುಪಿನಿಂದ ತಾವೇ ಹೋಗಿ ಹಿಡಿಕೆ ಇಳಿಸಿದರು. ಆರೂ ದೀಪ ಒಮ್ಮೆಗೇ ಹೋದವು. ಫ್ಯಾನು ನಾಲ್ಕು ಸುತ್ತು ತಿರುಗಿ ನಿಂತಿತು. ಕತ್ತಲಲ್ಲಿ ಒಬ್ಬ ಹೆಣ್ಣುಮಗಳು, "ಅಯ್ಯ, ಕರೆಂಟ್ ಹೋತು" ಎಂದಳು.

ಆದದ್ದಿಷ್ಟೇ. ಬ್ಯಾಟರಿಗೆ ನೀರು ಹಾಕದೆ ಅದು ಒಣಗಿ ಸತ್ತು ವರ್ಷವಾಗಿತ್ತು. ಆ ವೈರ್‌ಮನ್ ಯಾರಿಗೂ ಹೇಳದೆ ದೀಪಗಳನ್ನು ಸೀದಾ ಲೈನಿಗೆ ಜೋಡಿಸಿ ಹೋಗಿದ್ದ. ಕರೆಂಟು ಹೋದಾಗ ದೀಪವೂ ಹೋದರೆ ಮಾಸ್ತರರು ಮೋಡ ಆಗೈತಿ, ಬಿಸಿಲು ಸಾಲಂಗಿಲ್ಲ ಎಂದುಕೊಂಡು ಸುಮ್ಮನಾಗಿದ್ದರು. ಆ ಮನುಷ್ಯ ನನಗೆ ಸುಳ್ಳು ಹೇಳಿರಲೇ ಇಲ್ಲ. ಅವರಿಗೂ ಗೊತ್ತಿರಲಿಲ್ಲ. ಅವತ್ತು ನಾನು ಒಂದು ಮಾತು ಕೇಳಿದ್ದರೆ, ಆ ಹಿಡಿಕೆ ಒಂದು ಸಲ ಇಳಿದಿದ್ದರೆ, ಅವತ್ತೇ ಗೊತ್ತಾಗುತ್ತಿತ್ತು. ಬ್ಯಾಟರಿ ಬದಲಾಯಿಸಿದ್ದರೆ ಮುಗಿಯುತ್ತಿತ್ತು.

"ನನಗ ಗೊತ್ತಿರಲಿಲ್ರಿ ಸಾಹೇಬ್ರ, ದೇವರಾಣಿ" ಎಂದು ಮಾಸ್ತರರು ಕೈಮುಗಿದರು.

"ನಿಮಗಲ್ರಿ ಮಾಸ್ತರ, ನಮಗ ಗೊತ್ತಿರಬೇಕಿತ್ತು" ಎಂದರು ಸರ್. "ಒಂದ್ ಸ್ಟೂಲ್ ಕೊಡ್ರಿ."

ಮಳೆಯಲ್ಲೇ ಹತ್ತಿದರು. ಒದ್ದೆ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಪಾಟಿಯ ಮೇಲೆ ಸೂರ್ಯನಿಗೆ ಅಡ್ಡವಾಗಿ ಒಂದು ಗೀರು ಬಿತ್ತು. ನಾಲ್ಕು ಸ್ಕ್ರೂಗಳನ್ನು ಮಾಸ್ತರರ ಕೈಗೆ ಕೊಟ್ಟರು. ಕಾದಿಡಿ ಎಂದು ಈ ಸಲ ಹೇಳಲಿಲ್ಲ. ತಪಾಸು ಮಾಡಿದ್ದು ಯಾರು ಎಂದು ಅಧ್ಯಕ್ಷರು ಕೇಳಿದರು. ನಾನು ಸರ್ ಹಿಂದೆಯೇ ಛತ್ರಿ ಹಿಡಿದು ನಿಂತಿದ್ದೆ.

"ಹಾಳಿ ಮ್ಯಾಲೆ ಸಹಿ ನಂದೈತಿ" ಎಂದರು ಸರ್. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದರು.

ವಾಪಸು ಬರುವಾಗ ಆಫೀಸಿನ ವ್ಯಾನಿನಲ್ಲಿ ನಾವಿಬ್ಬರೇ, ಮುಂದೆ ಡ್ರೈವರ್. ಒದ್ದೆ ಪಾಟಿ ಅವರ ತೊಡೆಯ ಮೇಲಿತ್ತು. ಎಷ್ಟೋ ಹೊತ್ತಿನ ಮೇಲೆ ಕೇಳಿದರು, "ತಂಗಿ, ಅವತ್ತ ಮೇನ್ ಆಫ್ ಮಾಡಿಸಿದ್ದಿ ಹೌದಲ್ಲೋ?"

"ಹೌದ್ರಿ ಸರ್. ಆರೂ ದೀಪ ಉಳದಿದ್ವು."

ಅಷ್ಟು ಸರಾಗವಾಗಿ ಹೇಳಿದೆ ನಾನು! ನನ್ನ ಬಾಯಿಗೆ ಹುಳ ಬೀಳಲಿಲ್ಲ. ನೌಕರಿಯ ಹೆದರಿಕೆ ಇತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಖರೇ ಕಾರಣ ಅದಲ್ಲ. ಅವರ ಕಣ್ಣಿನಲ್ಲಿ ಸಣ್ಣವಳಾಗುವುದು ನನಗೆ ಬೇಡವಾಗಿತ್ತು. ಅವರು "ಆತು" ಎಂದು ಕಿಟಕಿಯ ಆಚೆ ನೋಡುತ್ತ ಕೂತರು. ಬ್ಯಾಟರಿ ಸತ್ತು ವರ್ಷವಾಗಿತ್ತು, ನಾನು ಹೋಗಿಬಂದು ನಾಲ್ಕು ತಿಂಗಳು. ಬೇರೇನೂ ಬೇಡ, ಮೂವತ್ತು ವರ್ಷ ವಿದ್ಯುತ್ತಿನ ಕೆಲಸ ಮಾಡಿದ ಮನುಷ್ಯನಿಗೆ ಈ ಲೆಕ್ಕ ತಿಳಿಯುವುದಿಲ್ಲವೇ?

ಮುಂದಿನ ತಿಂಗಳು ಅವರು ಸಂಘ ಬಿಟ್ಟು ಹೋದರು. ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಯೋಜನೆಯನ್ನು ಸಂಘ ನಿಲ್ಲಿಸಲಿಲ್ಲ, ಅದೇ ಹೊಟ್ಟೆಯುರಿ. ಪಾಟಿ ಪ್ಲಾಸ್ಟಿಕ್ಕಿನದಾಯಿತು, ಮೊದಲಿಗಿಂತ ದೊಡ್ಡದಾಯಿತು. ಅರ್ಜಿ ತುಂಬಿ ಕಳಿಸಿದರೆ ಸಾಕು, ಅಂಚೆಯಲ್ಲಿ ಬರುತ್ತಿತ್ತು. ಮೊದಲ ಪಾಟಿ ಹೋದದ್ದು ಆ ಹೋಟೆಲಿಗೇ. ಅಭಿನಂದನೆಯ ಪತ್ರ ಟೈಪು ಮಾಡಿದ್ದು ನಾನೇ. ಮೇನ್ ಆಫ್ ಮಾಡಿ ಎಂದು ಹೇಳುವವರು ಯಾರೂ ಉಳಿಯಲಿಲ್ಲ.

ಒಂದು ದಿನ ಗೋಡಂಬಿ ಕಾರ್ಖಾನೆಯ ಮುದುಕ ಮಾಲೀಕ ಆಫೀಸಿಗೆ ಬಂದ. ತನ್ನ ಹಿತ್ತಾಳೆ ಪಾಟಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದಿದ್ದ. ಅದನ್ನು ನನ್ನ ಟೇಬಲ್ ಮೇಲಿಟ್ಟ. ನನ್ನ ದೀಪಗಳು ಇವತ್ತಿಗೂ ಉರಿಯುತ್ತವೆ, ಬೇಕಾದರೆ ಬಂದು ನೋಡಿಕೊಳ್ಳಿ, ಆದರೆ ಇದು ಗೇಟಿನ ಮೇಲಿದ್ದರೆ ಈಗ ಜನ ನಗುತ್ತಾರೆ ಎಂದ. ನೋಡಿಕೊಳ್ಳಲು ಯಾರನ್ನು ಕಳಿಸಲಿ? ರಸೀದಿ ಬೇಕೇ ಎಂದು ಕೇಳಿದೆ. ಬೇಡವೆಂದು ಹೋದ.

ಆಮೇಲೆ ನಾಲ್ಕು ವರ್ಷ ನಾನು ಸರ್ ಮನೆಯ ಕಡೆ ಹೋಗಲಿಲ್ಲ. ವಾಸ್ಕೋ ಬಸ್ಸು ಅವರ ಓಣಿಯ ಬಾಯಿಗೇ ನಿಲ್ಲುತ್ತಿತ್ತು, ಆ ಕಡೆ ಕೆಲಸವಿದ್ದಾಗ ನಾನು ಒಂದು ಸ್ಟಾಪು ಮುಂದೆ ಇಳಿದು ಬೇರೆ ದಾರಿಯಿಂದ ಹಿಂದಕ್ಕೆ ನಡೆಯುತ್ತಿದ್ದೆ. ಆರೋಗ್ಯ ಸರಿಯಿಲ್ಲ, ಕಿಡ್ನಿ ತೊಂದರೆ ಎಂದು ಡ್ರೈವರ್ ಹೇಳಿದ ಮೇಲೆ, ಇನ್ನು ತಡೆಯಬಾರದು ಎಂದುಕೊಂಡು ಹೊರಟೆ. ಹೇಳಿಬಿಡಬೇಕು ಎಂದೇ ಹೊರಟೆ. ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡೆ: ಸರ್, ಅವತ್ತ ನಾ ಮೊದಲ ಚಹಾ ಕುಡದೆ. ಇಷ್ಟು ಹೇಳಿದರೆ ಉಳಿದದ್ದು ಅವರಿಗೆ ತಿಳಿಯುತ್ತದೆ.

ಹೊರಗಿನ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೈ ಇಳಿದುಹೋಗಿತ್ತು. ಬನಿಯನ್ ಮೇಲಿದ್ದರು, ಜೇಬಿಲ್ಲ, ಟೆಸ್ಟರ್ ಇಲ್ಲ. ಗೀರು ಬಿದ್ದ ಪಾಟಿ ಗೋಡೆಯ ಗೂಡಿನಲ್ಲಿ ಇತ್ತು, ತಿಕ್ಕುವವರಿಲ್ಲದೆ ಹಸಿರಾಗಿತ್ತು. "ಬಾರವಾ, ಎಷ್ಟ ವರ್ಷಾತು" ಎಂದರು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ಆಫೀಸಿನ ಸುದ್ದಿ ಕೇಳಲಿಲ್ಲ. ನಾನು ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚು ತಿರುವುತ್ತಿದ್ದೆ. ಒಳಗಿನಿಂದ ಕಪ್ಪುಬಸಿ ಸಪ್ಪಳ ಕೇಳಿಸಿತು. ಕಾಕು ತಟ್ಟೆಯಲ್ಲಿ ಎರಡು ಕಪ್ಪು ಹಿಡಿದುಕೊಂಡು ಬಾಗಿಲಿಗೆ ಬಂದರು.

ಸರ್ ಕೈ ಎತ್ತಿದರು. ಆ ಕೈ ಎತ್ತಲೂ ಅವರಿಗೆ ಕಷ್ಟವಿತ್ತು.

"ತಡಿ. ಚಹಾ ಆಮ್ಯಾಲೆ. ಆಕಿ ಏನೋ ಹೇಳಾಕ ಬಂದಾಳ."

ಕಾಕು ಅಲ್ಲೇ ನಿಂತರು. ಸರ್ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಗೋಡಂಬಿ ಮುದುಕನ ಬಾಗಿಲಲ್ಲಿ ಒಂಬತ್ತು ದಿನ ಹೀಗೇ ನಿಂತಿರಬೇಕು. ನಾಲ್ಕು ವರ್ಷದಿಂದ ಅವರಿಗೆ ಗೊತ್ತಿತ್ತು, ನಾಲ್ಕು ವರ್ಷದಿಂದ ಕಾಯುತ್ತಿದ್ದರು. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂತು.

"ಏನಿಲ್ರಿ ಸರ್" ಎಂದೆ. "ಸುಮ್ನ ನಿಮ್ಮನ್ನ ನೋಡಿ ಹೋಗೂಣಂತ ಬಂದಿದ್ದೆ."

ಅವರು ಕೈ ಇಳಿಸಿ, ಕಾಕು ಕಡೆ ತಿರುಗಿ ಹೇಳಿದರು, "ಆತು. ಹಂಗಾರ ಕೊಡು ಚಹಾ."

ಶುಂಠಿ ಹಾಕಿದ ಚಹಾ. ಪೂರ್ತಿ ಕುಡಿದು ಬಂದೆ.